ಕಾವಲೂರಿನ ವೈನು ಬಾಪ್ಪು



ಠಾಕುರ್ಲಿ ಸ್ಟೇಷನ್ನಿನಲ್ಲಿ ಸಂಜೆ ಹೊತ್ತು ನಿಂತು ನೋಡಿದವರಿಗೆಲ್ಲ ಒಂದು ಸಂಗತಿ ಗೊತ್ತು. ಫಾಸ್ಟ್ ಲೋಕಲ್ಲು ನಮ್ಮನ್ನು ಕಣ್ಣೆತ್ತಿಯೂ ನೋಡದೆ ಕಲ್ಯಾಣದ ಕಡೆ ಓಡಿಬಿಡುತ್ತದೆ. ಪಕ್ಕದ ಹಳಿಯಲ್ಲಿ ಸ್ಲೋ ಲೋಕಲ್ಲು ತನ್ನ ಪಾಡಿಗೆ ತಾನು ಬರುತ್ತದೆ. ಎರಡೂ ಅಕ್ಕಪಕ್ಕ ಬಂದಾಗ ಸ್ವಲ್ಪ ಹೊತ್ತು ಜೊತೆಗೆ ಓಡಿದಂತೆ ಕಂಡು, ಆಮೇಲೆ ಒಂದು ಮುಂದಾಗುತ್ತದೆ, ಇನ್ನೊಂದು ಹಿಂದೆ ಬೀಳುತ್ತದೆ. ಈ ಎರಡು ಗಾಡಿಗಳ ನಡುವೆ ಕಾಣದ ಒಂದು ರಬ್ಬರು ಪಟ್ಟಿ ಕಟ್ಟಿದ್ದರೆ ಏನಾಗುತ್ತಿತ್ತು? ಹುಚ್ಚು ಪ್ರಶ್ನೆ ಅಂತ ನಗಬೇಡಿ. ಗ್ರಹಗಳು ತಾವು ಹುಟ್ಟಿದ ಜಾಗದಲ್ಲೇ ಉಳಿದವೋ ಅಥವಾ ಊರು ಬಿಟ್ಟು ಬಂದವೋ ಅನ್ನುವ ದೊಡ್ಡ ಪ್ರಶ್ನೆಯ ಬೀಗದ ಕೈ ಇಲ್ಲೇ ಇದೆ.

ನಾವಂತೂ ಊರು ಬಿಟ್ಟು ಬಂದವರ ಮಕ್ಕಳು. ಯಾರ ಅಪ್ಪನೋ ಹುಬ್ಬಳ್ಳಿಯಿಂದ, ಯಾರ ಅಜ್ಜನೋ ಉಡುಪಿಯಿಂದ, ಇನ್ನೊಬ್ಬರ ಮಾವ ಬಿಜಾಪುರದಿಂದ ಇಲ್ಲಿಗೆ ಬಂದು ಬೇರೂರಿದವರು. ಹಾಗಾಗಿ ಸಂಪಾದಕರು ಈ ಸಂಚಿಕೆಗೆ ಹಿರಿಯರೊಬ್ಬರ ಜೀವನಚರಿತ್ರೆ ಬರೆದುಕೊಡು ಅಂದಾಗ ಸಾಹಿತಿಗಳನ್ನು ಬಿಟ್ಟು ಒಬ್ಬ ವಿಜ್ಞಾನಿಯನ್ನು ಆರಿಸಿಕೊಂಡೆ. ಅವರೂ ಬಾಳಿನುದ್ದಕ್ಕೂ ಊರಿಂದೂರಿಗೆ ಹೋದವರೇ. ಕನ್ನಡಿಗರಲ್ಲ, ಕೇರಳ ಮೂಲದ ಮನೆತನ. ಆದರೆ ಅವರು ಕಟ್ಟಿದ ಸಂಸ್ಥೆ ನಮ್ಮ ಬೆಂಗಳೂರಿನಲ್ಲಿದೆ. ಅವರ ಹೆಸರು ಮಣಾಲಿ ಕಲ್ಲಾಟ್ ವೈನು ಬಾಪ್ಪು.

ಬಾಪ್ಪು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದ್ರಾಸಿನಲ್ಲಿ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದರು. ಅಂದಮೇಲೆ ಬೇರೆ ಮಕ್ಕಳು ಗೋಲಿ, ಬುಗುರಿ ಆಡುವ ವಯಸ್ಸಿನಲ್ಲಿ ಈ ಹುಡುಗನಿಗೆ ದೂರದರ್ಶಕದ ಪರಿಚಯವಾದದ್ದು ಆಶ್ಚರ್ಯವೇನಲ್ಲ. ಕಾಲೇಜು ವಿದ್ಯಾರ್ಥಿಯಾಗಿದ್ದಾಗಲೇ, ಬೆಳಕು ಹೆಚ್ಚು ಕಡಿಮೆಯಾಗುವ ನಕ್ಷತ್ರಗಳನ್ನು ರಾತ್ರಿಗಟ್ಟಲೆ ನೋಡಿ ಲೇಖನ ಪ್ರಕಟಿಸಿದರು. ನಮ್ಮ ವಯಸ್ಸೇ ಅನ್ನಿ. ನಾವು ಈ ಸೈಕ್ಲೋಸ್ಟೈಲ್ ಪತ್ರಿಕೆಗೆ ಒಂದು ಕವಿತೆ ಕೊಡಲು ನಾಲ್ಕು ಸಲ ಯೋಚಿಸುತ್ತೇವೆ!

ಮುಂದೆ ಹೈದರಾಬಾದ್ ಸರಕಾರದ ವಿದ್ಯಾರ್ಥಿವೇತನ ಸಿಕ್ಕಿ 1949ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದರು. ಸೇರಿದ ಕೆಲವೇ ತಿಂಗಳಲ್ಲಿ, ಅದೇ ವರ್ಷದ ಜುಲೈ 2ರಂದು, ಆಕಾಶದ ಫೋಟೋ ಫಲಕವೊಂದರಲ್ಲಿ ಹೊಸ ಧೂಮಕೇತು ಕಂಡುಹಿಡಿದರು. ಬಾರ್ಟ್ ಬಾಕ್ ಮತ್ತು ಗಾರ್ಡನ್ ನ್ಯೂಕರ್ಕ್ ಎಂಬಿಬ್ಬರು ಅದನ್ನು ಖಚಿತಪಡಿಸಿದ್ದರಿಂದ ಅದಕ್ಕೆ ಬಾಪ್ಪು-ಬಾಕ್-ನ್ಯೂಕರ್ಕ್ ಎಂದೇ ಹೆಸರಾಯಿತು. 1952ರಲ್ಲಿ ಡಾಕ್ಟರೇಟ್ ಆಯಿತು. ಬಳಿಕ ಕಾರ್ನೆಗೀ ಫೆಲೋಶಿಪ್ ಪಡೆದು ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಮತ್ತು ಪಾಲೋಮಾರ್ ವೀಕ್ಷಣಾಲಯಗಳಿಗೆ ಹೋದರು. ಆ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ದೂರದರ್ಶಕ ಇದ್ದದ್ದು ಪಾಲೋಮಾರಿನಲ್ಲಿ.

ಅಲ್ಲಿ ಓಲಿನ್ ವಿಲ್ಸನ್ ಎಂಬ ಖಗೋಳಜ್ಞರ ಜೊತೆ ಸೇರಿ ಮಾಡಿದ ಕೆಲಸ 1957ರಲ್ಲಿ ಪ್ರಕಟವಾಯಿತು. ಸೂರ್ಯನಷ್ಟೋ ಅದಕ್ಕಿಂತ ಕಡಿಮೆಯೋ ಬಿಸಿ ಇರುವ ನಕ್ಷತ್ರಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ಅದರಲ್ಲಿ ಕ್ಯಾಲ್ಸಿಯಮ್ಮಿನ ಒಂದು ಗೆರೆ ಕಾಣುತ್ತದೆ. ಆ ಗೆರೆಯ ನಡುವೆ ಹೊಳೆಯುವ ಸಣ್ಣ ಪಟ್ಟಿ ಎಷ್ಟು ಅಗಲವೋ ಆ ನಕ್ಷತ್ರ ನಿಜದಲ್ಲಿ ಅಷ್ಟು ಪ್ರಕಾಶಮಾನ. ನಿಜವಾದ ಪ್ರಕಾಶ ಗೊತ್ತಾದರೆ, ನಮಗೆ ಎಷ್ಟು ಮಂಕಾಗಿ ಕಾಣುತ್ತದೆ ಅನ್ನುವುದರಿಂದ ದೂರವನ್ನೂ ಲೆಕ್ಕ ಹಾಕಬಹುದು. ಇದನ್ನು ಇವತ್ತಿಗೂ ವಿಲ್ಸನ್-ಬಾಪ್ಪು ಪರಿಣಾಮ ಎಂದೇ ಕರೆಯುತ್ತಾರೆ. ಅದು ಅಚ್ಚಾದ ವರ್ಷ ಬಾಪ್ಪು ಅವರಿಗೆ ಮೂವತ್ತು.

ಈಗ ನೀವೇ ಹೇಳಿ, ಇಂಥವರು ಅಮೆರಿಕದಲ್ಲೇ ಉಳಿದಿದ್ದರೆ ಯಾರಾದರೂ ತಪ್ಪು ಅನ್ನುತ್ತಿದ್ದರೇ? ಬಾಪ್ಪು ಉಳಿಯಲಿಲ್ಲ. ಆ ಲೇಖನ ಅಚ್ಚಾಗುವ ಮೊದಲೇ, 1953ರಲ್ಲಿ, ದೇಶಕ್ಕೆ ವಾಪಸು ಬಂದರು. ಇಲ್ಲಿ ಪಾಲೋಮಾರಿನ ಹತ್ತನೇ ಒಂದು ಪಾಲು ಸೌಕರ್ಯವೂ ಇರಲಿಲ್ಲ. ವಾರಾಣಸಿಯಲ್ಲಿ ಉತ್ತರಪ್ರದೇಶ ಸರಕಾರ 1954ರಲ್ಲಿ ಶುರುಮಾಡಿದ್ದ ವೀಕ್ಷಣಾಲಯದ ಹೊಣೆ ಅದೇ ವರ್ಷ ಅವರ ಹೆಗಲಿಗೆ ಬಂತು. ಬಯಲುಸೀಮೆಯ ಧೂಳಿನಲ್ಲಿ ನಕ್ಷತ್ರ ನೋಡುವುದು ಆಗದ ಮಾತು. ಮರುವರ್ಷವೇ ವೀಕ್ಷಣಾಲಯ ನೈನಿತಾಲದ ಬೆಟ್ಟಕ್ಕೆ ಹೋಯಿತು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಬ್ರಿಟಿಷರು 1899ರಲ್ಲಿ ಸ್ಥಾಪಿಸಿದ್ದ ಕೊಡೈಕೆನಾಲ್ ಸೂರ್ಯನನ್ನು ನೋಡುವುದಕ್ಕೆ ಹೆಸರಾದದ್ದು. ಹಗಲಿನ ಕೆಲಸ ಅಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ಬಾಪ್ಪು ಅವರಿಗೆ ಬೇಕಾದದ್ದು ರಾತ್ರಿ.

ರಾತ್ರಿಯನ್ನು ಹುಡುಕಿಕೊಂಡು ಹೋದವರಿಗೆ ಸಿಕ್ಕಿದ್ದು ಕಾವಲೂರು. ತಮಿಳುನಾಡಿನ ಜಾವಡಿ ಬೆಟ್ಟಗಳ ನಡುವಿನ ಹಳ್ಳಿ. ಸುತ್ತ ಶ್ರೀಗಂಧ ಬೆಳೆಯುವ ಕಾಡು, ಹತ್ತಿರದಲ್ಲಿ ಯಾವ ಪಟ್ಟಣದ ದೀಪವೂ ಇಲ್ಲ. ಸಮಭಾಜಕ ವೃತ್ತದಿಂದ ಹನ್ನೆರಡೂವರೆ ಡಿಗ್ರಿ ಉತ್ತರಕ್ಕೆ ಇರುವುದರಿಂದ ದಕ್ಷಿಣದ ಆಕಾಶವೂ ಬಹುಪಾಲು ಕಾಣುತ್ತದೆ. ಇನ್ನೊಂದು ಅನುಕೂಲವೂ ಉಂಟು. ಆಸ್ಟ್ರೇಲಿಯಾದವರಿಗೆ ಬೆಳಗಾಗಿ, ಆಫ್ರಿಕಾದವರಿಗೆ ಇನ್ನೂ ಕತ್ತಲಾಗದ ಹೊತ್ತಿನಲ್ಲಿ ಆಕಾಶದಲ್ಲಿ ಏನಾದರೂ ನಡೆದರೆ ಅದನ್ನು ನೋಡಲು ನಡುವೆ ಯಾರಾದರೂ ಇರಬೇಕಲ್ಲ? 1960ರ ದಶಕದ ಕೊನೆಯಲ್ಲಿ ಅಲ್ಲಿ ಕೆಲಸ ಶುರುವಾದಾಗ ಇದ್ದದ್ದು ತಮ್ಮಲ್ಲೇ ತಯಾರಿಸಿಕೊಂಡ 38 ಸೆಂಟಿಮೀಟರಿನ ಒಂದು ದೂರದರ್ಶಕ. 1971ರಲ್ಲಿ ಭಾರತೀಯ ಖಭೌತ ಸಂಸ್ಥೆ ಸ್ವಾಯತ್ತವಾಯಿತು, ಬಾಪ್ಪು ಅದರ ನಿರ್ದೇಶಕರಾದರು, ಮುಂದೆ ಅದರ ಕೇಂದ್ರ ಬೆಂಗಳೂರಿಗೆ ಬಂತು. ಇವತ್ತೂ ಕೋರಮಂಗಲದಲ್ಲಿದೆ. 1972ರಲ್ಲಿ ಪೂರ್ವ ಜರ್ಮನಿಯ ಝೈಸ್ ಕಂಪೆನಿಯ ಒಂದು ಮೀಟರ್ ದೂರದರ್ಶಕ ಕಾವಲೂರು ಸೇರಿತು.

ಅದೇ ವರ್ಷ ಜೂನ್ 7ರಂದು ಗುರುಗ್ರಹದ ಉಪಗ್ರಹ ಗ್ಯಾನಿಮೀಡ್ ಒಂದು ನಕ್ಷತ್ರದ ಮುಂದೆ ಹಾದುಹೋಯಿತು. ಕಾವಲೂರಿನವರು ನೋಡಿದರು. ನಕ್ಷತ್ರದ ಬೆಳಕು ಮರೆಯಾದ ರೀತಿಯಿಂದ ಗ್ಯಾನಿಮೀಡಿಗೆ ತೆಳುವಾದ ವಾಯುಮಂಡಲ ಇರಬಹುದು ಅನ್ನುವ ಸೂಚನೆ ಸಿಕ್ಕಿತು. ಆಗ ಅಂದಾಜು ಮಾಡಿದ ಒತ್ತಡ ಜಾಸ್ತಿಯಾಯಿತು ಎಂದು 1979ರಲ್ಲಿ ವಾಯೇಜರ್ ನೌಕೆ ತೋರಿಸಿಕೊಟ್ಟಿತು. ಬಹಳ ಬಹಳ ತೆಳುವಾದ ಆಮ್ಲಜನಕ ಅಲ್ಲಿದೆ ಅನ್ನುವುದು ಮುಂದೆ ಹಬಲ್ ದೂರದರ್ಶಕದಿಂದ ತಿಳಿಯಿತು. ವಿಜ್ಞಾನ ನಡೆಯುವುದೇ ಹೀಗೆ, ಒಂದು ಹೆಜ್ಜೆ ಮುಂದಿಟ್ಟು ಅರ್ಧ ಹೆಜ್ಜೆ ಹಿಂದೆ ಸರಿದು.

ಇನ್ನು ನಮ್ಮ ಕಥೆಯ ಮುಖ್ಯ ರಾತ್ರಿಗೆ ಬರೋಣ. 1977ರ ಮಾರ್ಚ್ 10. ಅವತ್ತು ಯುರೇನಸ್ ಗ್ರಹ ಒಂದು ಮಂಕಾದ ನಕ್ಷತ್ರದ ಮುಂದೆ ಹಾಯುವುದಿತ್ತು. ಅಮೆರಿಕದ ಜೇಮ್ಸ್ ಎಲಿಯಟ್ ಮತ್ತು ಸಂಗಡಿಗರು ವಿಮಾನದಲ್ಲಿ ದೂರದರ್ಶಕ ಇಟ್ಟುಕೊಂಡು ಹಿಂದೂ ಮಹಾಸಾಗರದ ಮೇಲೆ ಹಾರಾಡುತ್ತಿದ್ದರು. ಕಾವಲೂರಿನಲ್ಲಿ ಒಂದು ಮೀಟರ್ ದೂರದರ್ಶಕದ ಹಿಂದೆ ಇದ್ದವರು ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ. ಗ್ರಹ ಇನ್ನೂ ನಕ್ಷತ್ರದ ಹತ್ತಿರ ಬಂದಿರಲಿಲ್ಲ, ಅಷ್ಟರಲ್ಲೇ ನಕ್ಷತ್ರದ ಬೆಳಕು ಕೆಲವು ಸೆಕೆಂಡು ಕುಗ್ಗಿ ಮತ್ತೆ ಮೊದಲಿನಂತಾಯಿತು.

ಏನದು? ಕಾವಲೂರಿನವರು ಯುರೇನಸ್ಸಿನ ಒಂದು ಹೊಸ ಉಪಗ್ರಹ ಅಡ್ಡ ಬಂದಿರಬೇಕು ಅಂತ ಲೆಕ್ಕ ಹಾಕಿ ಹಾಗೆಯೇ ಪ್ರಕಟಿಸಿದರು. ವಿಮಾನದವರಿಗೆ ಮಾತ್ರ ಗ್ರಹದ ಈಚೆ ಐದು ಸಲ, ಆಚೆ ಐದು ಸಲ, ಸರಿಜೋಡಿಯಾಗಿ ಬೆಳಕು ಕುಗ್ಗಿದ್ದು ಕಂಡಿತ್ತು. ಉಪಗ್ರಹವಾದರೆ ಎರಡೂ ಕಡೆ ಹೀಗೆ ಕಾಣುವುದಿಲ್ಲ, ಉಂಗುರವಾದರೆ ಕಾಣುತ್ತದೆ. ಯುರೇನಸ್ಸಿಗೆ ಉಂಗುರಗಳಿದ್ದವು! ಅಲ್ಲಿಯವರೆಗೆ ಉಂಗುರ ಅಂದರೆ ಶನಿ ಒಬ್ಬನದೇ ಸ್ವತ್ತು. ಆಮೇಲೆ ಬಾಪ್ಪು ಮತ್ತು ಭಟ್ಟಾಚಾರ್ಯ ತಮ್ಮ ದಾಖಲೆಯನ್ನು ಮತ್ತೆ ಬಿಡಿಸಿ ಕೂತರು. ಅದೇ 1977ರಲ್ಲೇ, ಇದು ಶನಿಯ ಹಾಗಿನ ಉಂಗುರಗಳ ವ್ಯವಸ್ಥೆ ಎಂದು ಎರಡನೆಯ ಲೇಖನ ಪ್ರಕಟಿಸಿದರು. ಮೊದಲು ಹೇಳಿದ್ದನ್ನು ಮುಚ್ಚಿಡಲಿಲ್ಲ, ಹಟಕ್ಕೂ ಬೀಳಲಿಲ್ಲ. ಸಂಸ್ಥೆಯ ನಿರ್ದೇಶಕರೇ ತಮ್ಮ ಹೆಸರನ್ನು ಆ ತಿದ್ದುಪಡಿಯ ಕೆಳಗೆ ಹಾಕಿದರು ಅನ್ನುವುದನ್ನು ನಾವು ಗಮನಿಸಬೇಕು.

ಈ ಉಂಗುರಗಳಿಂದ ಖಗೋಳಜ್ಞರಿಗೆ ದೊಡ್ಡ ತಲೆನೋವು ಬಂತು. ಕೆಲವು ಉಂಗುರಗಳು ಬರೇ ಕೆಲವೇ ಕಿಲೋಮೀಟರು ಅಗಲ. ಗ್ರಹದ ಕೇಂದ್ರದಿಂದ ಸುಮಾರು 51 ಸಾವಿರ ಕಿಲೋಮೀಟರು ದೂರದಲ್ಲಿ ಸುತ್ತುವ ಎಪ್ಸಿಲಾನ್ ಉಂಗುರ ಕೂಡ ನೂರು ಕಿಲೋಮೀಟರು ಅಗಲ ಇಲ್ಲ. ಉಂಗುರ ಅಂದರೆ ಕೋಟಿಗಟ್ಟಲೆ ಕಲ್ಲು, ಮಂಜುಗಡ್ಡೆ ಚೂರುಗಳ ಮೆರವಣಿಗೆ. ಅವು ಒಂದಕ್ಕೊಂದು ಡಿಕ್ಕಿ ಹೊಡೆದು ಬೇಗನೆ ಹರಡಿ ಹೋಗಬೇಕಿತ್ತು. ಹಾಗಾದರೆ ಅವನ್ನು ಹಿಡಿದಿಟ್ಟವರು ಯಾರು?

ಪೀಟರ್ ಗೋಲ್ಡ್‌ರೈಖ್ ಮತ್ತು ಸ್ಕಾಟ್ ಟ್ರೆಮೇನ್ ಎಂಬಿಬ್ಬರು 1979ರಲ್ಲಿ ಉತ್ತರ ಕೊಟ್ಟರು. ಉಂಗುರದ ಒಳಗಡೆ ಒಂದು, ಹೊರಗಡೆ ಒಂದು ಪುಟ್ಟ ಉಪಗ್ರಹ ಇದ್ದು, ಕುರಿ ಹಿಂಡಿನ ಎರಡೂ ಪಕ್ಕ ನಡೆಯುವ ಕುರುಬರ ಹಾಗೆ ಉಂಗುರವನ್ನು ಕಾಯುತ್ತವೆ ಎಂದರು.

ಈಗ ನಮ್ಮ ರಬ್ಬರು ಪಟ್ಟಿ ನೆನಪಿಸಿಕೊಳ್ಳಿ. ಆಕಾಶದ ನಿಯಮ ಏನೆಂದರೆ ಒಳಗಿನ ಪಥದಲ್ಲಿರುವುದು ಫಾಸ್ಟ್, ಹೊರಗಿನ ಪಥದಲ್ಲಿರುವುದು ಸ್ಲೋ. ಒಳಗಿನದು ಹೊರಗಿನದನ್ನು ದಾಟಿ ಮುಂದೆ ಹೋಗುವಾಗ ಗುರುತ್ವ ಎಂಬ ಪಟ್ಟಿ ಎರಡನ್ನೂ ಎಳೆಯುತ್ತದೆ. ಒಟ್ಟು ಲೆಕ್ಕದಲ್ಲಿ ಒಳಗಿನದು ಹೊರಗಿನದನ್ನು ಮುಂದಕ್ಕೆ ಎಳೆಯುತ್ತದೆ, ಹೊರಗಿನದು ಒಳಗಿನದನ್ನು ಹಿಂದಕ್ಕೆ ಜಗ್ಗುತ್ತದೆ. ಭೌತಶಾಸ್ತ್ರದವರು ಕೋನೀಯ ಸಂವೇಗ ಅನ್ನುತ್ತಾರಲ್ಲ, ಅದನ್ನು ಸುತ್ತುವವರ ಬಂಡವಾಳ ಅಂತ ಇಟ್ಟುಕೊಳ್ಳಿ. ಒಳಗಿನದು ತನ್ನ ಬಂಡವಾಳದಲ್ಲಿ ಸ್ವಲ್ಪ ಕಳೆದುಕೊಂಡು ಇನ್ನೂ ಒಳಕ್ಕೆ ಜಾರುತ್ತದೆ. ಹೊರಗಿನದು ಅದನ್ನು ಗಳಿಸಿ ಇನ್ನೂ ಹೊರಕ್ಕೆ ಸರಿಯುತ್ತದೆ. ಎಳೆಯುವ ಬಲವೇ, ಆದರೆ ಫಲ ಮಾತ್ರ ತಳ್ಳಿದ ಹಾಗೆ! ಇದೇ ರೀತಿ ಒಳಗಿನ ಉಪಗ್ರಹ ಉಂಗುರವನ್ನು ಹೊರಕ್ಕೆ, ಹೊರಗಿನದು ಒಳಕ್ಕೆ ನೂಕುತ್ತವೆ. ಉಂಗುರ ನಡುವೆ ಸಣ್ಣಗೆ ಉಳಿಯುತ್ತದೆ.

ಮರುವರ್ಷ, 1980ರಲ್ಲಿ, ಅದೇ ಇಬ್ಬರು ಈ ಲೆಕ್ಕವನ್ನು ಇನ್ನಷ್ಟು ದೊಡ್ಡ ಜಾಗಕ್ಕೆ ಒಯ್ದರು. ಸೂರ್ಯ ಹೊಸದಾಗಿ ಹುಟ್ಟಿದಾಗ ಅವನ ಸುತ್ತ ಅನಿಲ ಮತ್ತು ಧೂಳಿನ ಒಂದು ದೊಡ್ಡ ತಟ್ಟೆ ತಿರುಗುತ್ತಿತ್ತು. ಗ್ರಹಗಳು ಹುಟ್ಟಿದ್ದು ಆ ತಟ್ಟೆಯಲ್ಲೇ. ಎಳೆಯ ಗ್ರಹ ತನ್ನ ಗುರುತ್ವದಿಂದ ಸುತ್ತಲಿನ ಅನಿಲದಲ್ಲಿ ಸುರುಳಿ ಅಲೆಗಳನ್ನು ಎಬ್ಬಿಸುತ್ತದೆ. ಆ ಅಲೆಗಳು ತಿರುಗಿ ಗ್ರಹವನ್ನೇ ನೂಕುತ್ತವೆ. ಎಳೆಯ ಗುರುಗ್ರಹ ಅಂಥ ತಟ್ಟೆಯಲ್ಲಿದ್ದರೆ ಕೆಲವೇ ಸಾವಿರ ವರ್ಷಗಳಲ್ಲಿ ಅದರ ಕಕ್ಷೆ ಗಣನೀಯವಾಗಿ ಬದಲಾಗಬೇಕು ಎಂದು ಲೆಕ್ಕ ಹೇಳಿತು. ಸೌರವ್ಯೂಹದ ವಯಸ್ಸು ಸುಮಾರು 460 ಕೋಟಿ ವರ್ಷ. ಅದರ ಮುಂದೆ ಕೆಲವು ಸಾವಿರ ವರ್ಷ ಅಂದರೆ ಕಣ್ಣು ಮಿಟುಕಿಸಿದಷ್ಟು ಹೊತ್ತು.

ಯಾವ ಕಡೆಗೆ ಸರಿಯುತ್ತದೆ? ಒಳಗಿನ ಅನಿಲ ಗ್ರಹವನ್ನು ಹೊರಕ್ಕೆ ನೂಕುತ್ತದೆ, ಹೊರಗಿನ ಅನಿಲ ಒಳಕ್ಕೆ. ಈ ಹಗ್ಗಜಗ್ಗಾಟದಲ್ಲಿ ಸಾಮಾನ್ಯವಾಗಿ ಹೊರಗಿನದೇ ಗೆಲ್ಲುತ್ತದೆ, ಗ್ರಹ ನಕ್ಷತ್ರದ ಕಡೆ ಜಾರುತ್ತದೆ ಅಂತ ವಿಲಿಯಂ ವಾರ್ಡ್ 1986ರಲ್ಲಿ ತೋರಿಸಿದರು. ಗ್ರಹ ಗುರುವಿನಷ್ಟು ದೊಡ್ಡದಾದರೆ ಎರಡೂ ಕಡೆಯ ಅನಿಲವನ್ನು ನೂಕಿ ತನ್ನ ದಾರಿಯಲ್ಲಿ ಒಂದು ಖಾಲಿ ಓಣಿ ಮಾಡಿಕೊಳ್ಳುತ್ತದೆ. ಆಮೇಲೆ ಸರಿಯುವುದು ನಿಧಾನವಾಗುತ್ತದೆ. ಎರಡು ಗ್ರಹಗಳು ಬೇರೆ ಬೇರೆ ವೇಗದಲ್ಲಿ ಜಾರುತ್ತಾ ಬಂದರೆ ಒಂದು ಇನ್ನೊಂದನ್ನು ತಾಳಕ್ಕೆ ಸಿಕ್ಕಿಸಿಕೊಳ್ಳುವುದೂ ಉಂಟು. ಒಂದು ಎರಡು ಸುತ್ತು ಬರುವಷ್ಟರಲ್ಲಿ ಇನ್ನೊಂದು ಸರಿಯಾಗಿ ಒಂದೇ ಸುತ್ತು, ಹಾಗೆ. ಕಾವಲೂರಿನವರು ನೋಡಿದ ಆ ಗ್ಯಾನಿಮೀಡನ್ನೇ ತೆಗೆದುಕೊಳ್ಳಿ. ಅದು ಗುರುವಿಗೆ ಒಂದು ಸುತ್ತು ಬರುವಷ್ಟರಲ್ಲಿ ಯುರೋಪಾ ಎರಡು, ಅಯೋ ನಾಲ್ಕು ಸುತ್ತು ಮುಗಿಸುತ್ತವೆ. ನಮ್ಮ ಭಜನೆಯ ತಾಳ ಕೂಡ ಇಷ್ಟು ಸರಿಯಾಗಿರುವುದಿಲ್ಲ!

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಿಬಿಡಬೇಕು. ಗ್ರಹಗಳು ಸರಿಯುವ ಈ ಸಿದ್ಧಾಂತಕ್ಕೆ ಬಾಪ್ಪು ಒಂದು ಸಮೀಕರಣವನ್ನೂ ಬರೆದವರಲ್ಲ. ಅವರ ಸ್ವಂತ ಸಂಶೋಧನೆ ನಕ್ಷತ್ರಗಳ ಮತ್ತು ಸೂರ್ಯನ ಮೇಲೆ. ಯುರೇನಸ್ಸಿನ ಉಂಗುರ ಕಂಡುಹಿಡಿದ ಮುಖ್ಯ ಕೀರ್ತಿಯೂ ವಿಮಾನದವರಿಗೇ ಸಲ್ಲುತ್ತದೆ. ಹಾಗಾದರೆ ಇವರ ಜೀವನಚರಿತ್ರೆಯಲ್ಲಿ ಇದೆಲ್ಲ ಯಾಕೆ ಅಂತ ಕೇಳುತ್ತೀರಾ? ಕೇಳಲೇಬೇಕಾದ ಪ್ರಶ್ನೆ.

ಬಾಪ್ಪು ಅವರ ಬಗ್ಗೆ ಒಂದು ಕೊರಗು ಇಟ್ಟುಕೊಳ್ಳಬಹುದು. ಮೂವತ್ತಕ್ಕೆ ಲೋಕಪ್ರಸಿದ್ಧರಾದವರು ಉಳಿದ ಇಪ್ಪತ್ತೈದು ವರ್ಷದ ದೊಡ್ಡ ಪಾಲನ್ನು ಜಾಗ ಹುಡುಕುವುದಕ್ಕೆ, ಕಟ್ಟಡ ಏಳಿಸುವುದಕ್ಕೆ, ಗಾಜು ಉಜ್ಜಿಸುವುದಕ್ಕೆ, ಸರಕಾರಿ ಕಾಗದಪತ್ರಗಳಿಗೆ ಕೊಟ್ಟರು. ಆ ಹೊತ್ತಿನಲ್ಲಿ ಎಷ್ಟು ಲೇಖನ ಬರೆಯಬಹುದಿತ್ತು! ನಿಜ. ಆದರೆ 1977ರ ಆ ರಾತ್ರಿ ಕಾವಲೂರಿನಲ್ಲಿ ದೂರದರ್ಶಕವೇ ಇಲ್ಲದಿದ್ದರೆ ಭಟ್ಟಾಚಾರ್ಯರು, ಕುಪ್ಪುಸ್ವಾಮಿಯವರು ಯಾವುದರಲ್ಲಿ ನೋಡುತ್ತಿದ್ದರು? ತಪ್ಪು ಲೆಕ್ಕ ಹಾಕುವುದಕ್ಕೂ, ಅದನ್ನು ತಿದ್ದಿಕೊಳ್ಳುವುದಕ್ಕೂ ಮೊದಲು ಕಣ್ಣು ಬೇಕು. ಆ ಕಣ್ಣನ್ನು ಕೊಟ್ಟವರು ಇವರು. ಒಬ್ಬ ಬಾಪ್ಪು ಪಾಲೋಮಾರಿನಲ್ಲಿ ಉಳಿದಿದ್ದರೆ ಅಲ್ಲಿ ಇನ್ನೊಬ್ಬ ಒಳ್ಳೆಯ ಖಗೋಳಜ್ಞ ಇರುತ್ತಿದ್ದ, ಅಷ್ಟೇ. ಇಲ್ಲಿಗೆ ಬಂದದ್ದರಿಂದ ಅವರ ಸುತ್ತ ಒಂದು ತಟ್ಟೆಯೇ ತಿರುಗತೊಡಗಿತು, ಅದರಲ್ಲಿ ಎಷ್ಟೋ ಜನ ರೂಪುಗೊಂಡರು.

ಅವರ ಕೊನೆಯ ದೊಡ್ಡ ಕನಸು 2.34 ಮೀಟರ್ ವ್ಯಾಸದ ದೂರದರ್ಶಕ, ಅದೂ ನಮ್ಮ ದೇಶದಲ್ಲೇ ತಯಾರಾಗಬೇಕು ಅಂತ ಛಲ. ಕನ್ನಡಿಯ ಗಾಜಿನ ಬಿಲ್ಲೆ ಹೊರದೇಶದ್ದು. ಆದರೆ ಅದನ್ನು ಉಜ್ಜಿ, ಹೊಳಪು ಕೊಟ್ಟು ಕನ್ನಡಿ ಮಾಡಿದ್ದು ಬೆಂಗಳೂರಿನಲ್ಲಿ. ಅದನ್ನು ಹೊತ್ತು ತಿರುಗಿಸುವ ಉಕ್ಕಿನ ಭಾರಿ ಚೌಕಟ್ಟು ತಯಾರಾದದ್ದು ನಮ್ಮ ಈ ಮಹಾರಾಷ್ಟ್ರದಲ್ಲೇ, ಪುಣೆ ಜಿಲ್ಲೆಯ ವಾಲ್‌ಚಂದ್‌ನಗರದ ಕಾರ್ಖಾನೆಯಲ್ಲಿ. ಕರ್ನಾಟಕದಲ್ಲಿ ತಿದ್ದಿದ ಕನ್ನಡಿ, ಮಹಾರಾಷ್ಟ್ರದಲ್ಲಿ ಎರಕಗೊಂಡ ತೋಳು, ತಮಿಳುನಾಡಿನ ಬೆಟ್ಟ, ಕೇರಳ ಮೂಲದ ಕನಸುಗಾರ. ಗಡಿಯ ಜಗಳ ಆಡುವವರು ಒಮ್ಮೆ ಕಾವಲೂರಿಗೆ ಹೋಗಿಬಂದರೆ ಒಳ್ಳೆಯದು.

1979ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟಕ್ಕೆ ಬಾಪ್ಪು ಅಧ್ಯಕ್ಷರಾಗಿ ಆಯ್ಕೆಯಾದರು. ಆ ಪೀಠ ಏರಿದ ಮೊದಲ ಭಾರತೀಯ. 1981ರಲ್ಲಿ ಪದ್ಮಭೂಷಣ ಬಂತು. 1982ರ ಆಗಸ್ಟಿನಲ್ಲಿ ಗ್ರೀಸ್ ದೇಶದ ಪಾಟ್ರಾಸಿನಲ್ಲಿ ಒಕ್ಕೂಟದ ಮಹಾಧಿವೇಶನ ಕೂಡಿತ್ತು. ಅಧ್ಯಕ್ಷರ ಕುರ್ಚಿಯಲ್ಲಿ ಕೂರಬೇಕಾದವರು ಆಗ ಜರ್ಮನಿಯ ಮ್ಯೂನಿಕ್‌ನಲ್ಲಿದ್ದರು. ಅಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಆಗಿತ್ತು. ಅದರಿಂದ ಅವರು ಚೇತರಿಸಿಕೊಳ್ಳಲಿಲ್ಲ. ಅಧಿವೇಶನ ನಡೆಯುತ್ತಿರುವಾಗಲೇ, ಆಗಸ್ಟ್ 19ರಂದು, ತೀರಿಕೊಂಡರು. ಐವತ್ತೈದು ತುಂಬಿ ಒಂಬತ್ತು ದಿನ ಕಳೆದಿತ್ತು. ದೊಡ್ಡ ದೂರದರ್ಶಕ ಇನ್ನೂ ಮುಗಿದಿರಲಿಲ್ಲ.

ಮುಗಿಸಿದವರು ಅವರ ಜೊತೆಯವರು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿ ಅದನ್ನು ದೇಶಕ್ಕೆ ಅರ್ಪಿಸಿದರು. ದೂರದರ್ಶಕಕ್ಕೂ ಕಾವಲೂರಿನ ವೀಕ್ಷಣಾಲಯಕ್ಕೂ ವೈನು ಬಾಪ್ಪು ಅವರ ಹೆಸರಿಟ್ಟರು. ಕಾಕತಾಳೀಯ ನೋಡ್ರಿ, ಅದೇ ಜನವರಿಯ 24ರಂದು ವಾಯೇಜರ್-2 ನೌಕೆ ಯುರೇನಸ್ಸಿನ ಸಮೀಪ ಹಾದುಹೋಯಿತು. ಎಪ್ಸಿಲಾನ್ ಉಂಗುರದ ಒಳಗಡೆ ಕಾರ್ಡೇಲಿಯಾ, ಹೊರಗಡೆ ಒಫೀಲಿಯಾ ಎಂಬ ಎರಡು ಪುಟ್ಟ ಉಪಗ್ರಹಗಳು ಅದರ ಚಿತ್ರಗಳಲ್ಲಿ ಸಿಕ್ಕವು. ಕುರುಬರು ಅಲ್ಲಿ ಇದ್ದೇ ಇದ್ದರು! ಉಳಿದ ಹೆಚ್ಚಿನ ಉಂಗುರಗಳಿಗೆ ಕಾವಲಿನವರು ಸಿಗಲಿಲ್ಲ ಅನ್ನುವುದನ್ನೂ ಹೇಳಬೇಕು. ಎರಡನ್ನೂ ನೋಡಲು ಬಾಪ್ಪು ಮಾತ್ರ ಇರಲಿಲ್ಲ.

ಅದಾದ ಮೇಲಿನ ಕಥೆ ನಿಮಗೆ ಸ್ವಲ್ಪ ಗೊತ್ತಿರಬಹುದು. 1995ರಲ್ಲಿ ಮಿಶೆಲ್ ಮೇಯರ್ ಮತ್ತು ದಿದಿಯೆ ಕೆಲೋ 51 ಪೆಗಾಸಿ ಎಂಬ ನಕ್ಷತ್ರಕ್ಕೆ ಒಂದು ಗ್ರಹ ಇರುವುದನ್ನು ಕಂಡುಹಿಡಿದರು. ಗುರುವಿನ ಅರ್ಧದಷ್ಟು ತೂಕದ ಗ್ರಹ. ಆದರೆ ಅದರ ವರ್ಷ ನಮ್ಮ ನಾಲ್ಕು ದಿನ ಚಿಲ್ಲರೆ ಅಷ್ಟೇ! ನಕ್ಷತ್ರಕ್ಕೆ ಅಷ್ಟು ಹತ್ತಿರದ ಬೆಂಕಿಯಲ್ಲಿ ಅಂಥ ದೈತ್ಯ ಹುಟ್ಟುವುದು ಕಷ್ಟ. ಬೇರೆಲ್ಲೋ ಹುಟ್ಟಿ ಒಳಕ್ಕೆ ಬಂದಿರಬೇಕು ಅಂತ ಎಲ್ಲರಿಗೂ 1980ರ ಲೆಕ್ಕ ನೆನಪಾಯಿತು. 2014ರಲ್ಲಿ ಚಿಲಿ ದೇಶದ ಆಲ್ಮಾ ರೇಡಿಯೋ ದೂರದರ್ಶಕ ಎಚ್.ಎಲ್. ಟೌರಿ ಎಂಬ ಎಳೆಯ ನಕ್ಷತ್ರದ ಸುತ್ತಲಿನ ತಟ್ಟೆಯ ಚಿತ್ರ ತೆಗೆಯಿತು. ಗ್ರಾಮಫೋನ್ ಪ್ಲೇಟಿನ ಗೆರೆಗಳ ಹಾಗೆ ಕಪ್ಪು ಓಣಿಗಳು ಸಾಲಾಗಿ ಕಂಡವು. 2017ರಲ್ಲಿ ಟ್ರಾಪಿಸ್ಟ್-1 ಎಂಬ ಪುಟ್ಟ ನಕ್ಷತ್ರದ ಸುತ್ತ ಏಳು ಗ್ರಹಗಳು ತಾಳ ಹಿಡಿದು ಸುತ್ತುತ್ತಿರುವುದು ತಿಳಿಯಿತು. ಒಟ್ಟಿಗೆ ಸರಿದು ಬಂದವರ ಗುರುತು ಅದು.

ಎಲ್ಲ ಬಗೆಹರಿದಿಲ್ಲ. ಭೂಮಿಯಷ್ಟು ತೂಕದ ಗ್ರಹ ಅನಿಲದ ತಟ್ಟೆಯಲ್ಲಿ ಸುಮಾರು ಒಂದು ಲಕ್ಷ ವರ್ಷದಲ್ಲೇ ನಕ್ಷತ್ರದ ಕಡೆ ಜಾರಿಹೋಗಬೇಕು ಅನ್ನುತ್ತದೆ ಸರಳ ಲೆಕ್ಕ. ಅನಿಲ ಇರುವುದೋ ಕೆಲವು ದಶಲಕ್ಷ ವರ್ಷ. ಹಾಗಿದ್ದರೆ ಇಷ್ಟೊಂದು ಗ್ರಹಗಳು ಉಳಿದದ್ದು ಹೇಗೆ? ತಟ್ಟೆಯ ಬಿಸಿ, ಸಾಂದ್ರತೆ ಬದಲಾಗುವ ಕೆಲವು ಜಾಗಗಳಲ್ಲಿ ಗ್ರಹ ತಂಗಿ ನಿಲ್ಲಬಹುದು ಅನ್ನುತ್ತಾರೆ. ಇನ್ನೂ ಲೆಕ್ಕ ನಡೆದೇ ಇದೆ. ಅದನ್ನು ಮಾಡುವವರು ನಮ್ಮ ನಡುವಿನಿಂದಲೂ ಬರಬೇಕು. ಕನ್ನಡ ಓದುವವರಿಗೆ ಇದೆಲ್ಲ ಯಾಕೆ ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ಹೇಳುವ ಭಾಷೆ ಸಿಕ್ಕದ ವಿಜ್ಞಾನ ನಮ್ಮ ಮನೆ ಬಾಗಿಲಿಗೆ ಬರುವುದಿಲ್ಲ.

ಠಾಕುರ್ಲಿಯ ಆಕಾಶದಲ್ಲಿ ಈಗ ದೀಪಗಳದೇ ರಾಜ್ಯ. ಆದರೂ ಗುರುಗ್ರಹ ಕಾಣಿಸುತ್ತದೆ. ಮುಂದಿನ ಸಲ ಲೋಕಲ್ಲಿಗೆ ಕಾಯುವಾಗ ಅದು ಕಂಡರೆ ಒಂದು ನಿಮಿಷ ನೋಡಿ. ಅದೂ ಬಹುಶಃ ಹುಟ್ಟಿದ ಜಾಗದಲ್ಲಿ ಇಲ್ಲ. ಹೈದರಾಬಾದಿನ ಹುಡುಗ ಹಾರ್ವರ್ಡಿಗೆ, ಪಾಲೋಮಾರಿಗೆ ಹೋಗಿ, ಅಲ್ಲಿ ಬಾಗಿಲು ತೆರೆದೇ ಇದ್ದರೂ ತಿರುಗಿ ಬಂದು, ಕಾವಲೂರಿನ ಕತ್ತಲಲ್ಲಿ ನೆಲೆ ನಿಂತ. ಊರು ಬಿಡುವುದು ಯಾರಿಗೂ ತಪ್ಪಿದ್ದಲ್ಲ. ನಿಂತ ಕಡೆ ನಮ್ಮ ಕೈಯಿಂದ ಏನು ಆಯಿತು ಅನ್ನುವುದಷ್ಟೇ ಉಳಿಯುವ ಲೆಕ್ಕ.